ಒಂದೇ ಕುಂಡದಲ್ಲಿ ಗೆಡ್ಡೆಯೂ ಲೋಳೆಸರವೂ

ಗೆಡ್ಡೆಯ ಹೂಗಿಡಗಳನ್ನೂ ಲೋಳೆಸರದಂತಹ ರಸಭರಿತ ಸಸ್ಯಗಳನ್ನೂ ಒಂದೇ ಕುಂಡದಲ್ಲಿ ಬೆಳೆಸಬಹುದೇ ಎಂದು ಹೂದೋಟದ ಹವ್ಯಾಸವುಳ್ಳವರು ಆಗಾಗ ಕೇಳುವುದುಂಟು. ಎರಡೂ ಬರಗಾಲಕ್ಕೆಂದು ಕೂಡಿಡುವ ಗೃಹಸ್ಥರೇ ಸರಿ. ಲೋಳೆಸರವು ಎಲೆಯಲ್ಲಿ ನೀರನ್ನು ತುಂಬಿಟ್ಟು, ಸೂಕ್ಷ್ಮರಂಧ್ರಗಳನ್ನು ಬಹುಮಟ್ಟಿಗೆ ರಾತ್ರಿಯ ತಂಪಿನಲ್ಲಿಯೇ ತೆರೆದು, ನೀರಿನ ವ್ಯಯವನ್ನು ತಡೆಯುತ್ತದೆ. ಗೆಡ್ಡೆಯು ಆಹಾರವನ್ನು ನೆಲದೊಳಗೆ ಬಚ್ಚಿಟ್ಟು, ಕಷ್ಟಕಾಲದಲ್ಲಿ ಎಲೆಯನ್ನು ತ್ಯಜಿಸಿ ಮಲಗುತ್ತದೆ. ಆದುದರಿಂದ ಇವುಗಳ ಸಹವಾಸವು ಸಾಧ್ಯ. ಆದರೆ ಗೆಡ್ಡೆಯು ಮಲಗುವ ಕಾಲವೂ ಊರಿನ ಒಣಕಾಲವೂ ಒಂದೇ ಆಗಿರಬೇಕು.

ಸಿಂಧನೂರು ತಾಲ್ಲೂಕಿನ ಜವಳಗೇರಾವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿ ಮಳೆಯ ಬಹುಭಾಗವು ಜೂನ್‌ನಿಂದ ಅಕ್ಟೋಬರ್‌ವರೆಗೆ ಬೀಳುವುದು. ದಕ್ಷಿಣ ಆಫ್ರಿಕದ ಫ್ರೀಸಿಯವು ಚಳಿಗಾಲದ ಮಳೆಯಲ್ಲಿ ಬೆಳೆದು ಬೇಸಿಗೆಯಲ್ಲಿ ಮಲಗುವ ಜಾತಿ. ನಮ್ಮ ಮುಂಗಾರು ಅದನ್ನು ನಿದ್ರೆಯಲ್ಲಿಯೇ ಕೊಳೆಯಿಸೀತು. ಮಳೆಲಿಲ್ಲಿಯಾದರೋ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಹೂ ಬಿಡುತ್ತದೆ. ಲೋಳೆಸರಕ್ಕೆ ತಕ್ಕ ಒಡನಾಡಿ.

ಇನ್ನು ಮಣ್ಣಿನ ಮಾತು. ತುಂಗಭದ್ರಾ ಎಡದಂಡೆ ಕಾಲುವೆಯ ಆ ಸೀಮೆಯ ಎರೆಮಣ್ಣು ಭತ್ತಕ್ಕೆ ಒಪ್ಪುವುದು, ಕುಂಡಕ್ಕೆ ಒಪ್ಪದು. ಅಲ್ಲಿಯ ಬಂಧುಗಳ ಮನೆಯಲ್ಲಿ ನಾನೊಮ್ಮೆ ಕುಂಡದ ತಳಕ್ಕೆ ಜಲ್ಲಿ ಹಾಕಿ, ಮೇಲೆ ಎರೆಮಣ್ಣು ತುಂಬಿ, ನಿಶ್ಚಿಂತನಾಗಿದ್ದೆನು. ಶ್ರಾವಣ ಮುಗಿಯುವಷ್ಟರಲ್ಲಿ ಗೆಡ್ಡೆಗಳು ಕೊಳೆತು ಲೋಳೆಯಾಗಿ ಕೈಗೆ ಬಂದವು. ನುಣುಪಾದ ಮಣ್ಣು ಪೂರ್ತಿ ನೆನೆಯುವವರೆಗೆ ನೀರು ಕೆಳಗಿನ ಜಲ್ಲಿಗೆ ಇಳಿಯದೆಂಬುದನ್ನು ನಾನು ಆಗ ಅರಿಯೆನು. ತಳದ ಜಲ್ಲಿಯಿಂದಾಗುವುದಿಷ್ಟೆ: ನೆನೆದ ಪದರವು ಬೇರುಗಳ ಸಮೀಪಕ್ಕೆ ಏರಿ ನಿಲ್ಲುತ್ತದೆ.

ಆದಕಾರಣ ಜಲ್ಲಿಯನ್ನೂ ಮರಳನ್ನೂ ಮಣ್ಣಿಗೇ ಬೆರೆಸಬೇಕು. ಮಸಾರಿ ಮಣ್ಣು 2 ಪಾಲು, ಸಣ್ಣ ಜಲ್ಲಿ ಬೆರೆತ ದಪ್ಪ ಮರಳು 2 ಪಾಲು, ಚೆನ್ನಾಗಿ ಕಳಿತ ಗೊಬ್ಬರ 1 ಪಾಲು ಇದ್ದರೆ ಸರಿ. ತಳದಲ್ಲಿ ತೂತುಳ್ಳ ಮಣ್ಣಿನ ಕುಂಡವೇ ಲೇಸು. ನಡುವಿನ ದಿಬ್ಬದಲ್ಲಿ ಲೋಳೆಸರವನ್ನೂ, ಅಂಚಿನ ತಗ್ಗಿನಲ್ಲಿ ಗೆಡ್ಡೆಗಳನ್ನೂ ನೆಡಿರಿ. ಮಳೆಗಾಲದಲ್ಲಿ ಮೇಲ್ಮಣ್ಣು ಒಣಗಿದಾಗ ಅಂಚಿಗೆ ಮಾತ್ರ ನೀರೆರೆಯಿರಿ. ಗೆಡ್ಡೆಯ ಎಲೆ ಹಳದಿಯಾದ ಮೇಲೆ ತಿಂಗಳಿಗೆ ಒಂದೆರಡು ಸಾರಿ ಸಾಕು. ಹಸುರೆಲೆಯನ್ನು ಕತ್ತರಿಸಲಾಗದು, ಮುಂದಿನ ಹೂವಿಗೆ ಬುತ್ತಿ ಕಟ್ಟುವುದು ಅದೇ. ಉರಿಬೇಸಿಗೆಯಲ್ಲಿ ಕುಂಡವನ್ನು ಮಧ್ಯಾಹ್ನದ ನೆರಳಿಗೆ ಸರಿಸಿರಿ.

ಒಂದು ಎಚ್ಚರಿಕೆ: ಮಳೆಲಿಲ್ಲಿಯ ಗೆಡ್ಡೆ ಸಣ್ಣ ಈರುಳ್ಳಿಯನ್ನು ಹೋಲುವುದು, ಆದರೆ ವಿಷಯುಕ್ತವಾದುದು. ಕಿತ್ತ ಗೆಡ್ಡೆಗಳನ್ನು ಅಡುಗೆಮನೆಯಿಂದಲೂ ಮಕ್ಕಳ ಕೈಯಿಂದಲೂ ದೂರವಿಡಬೇಕು. ಇಷ್ಟು ಜಾಗರೂಕತೆಯೊಡನೆ, ಬರುವ ಮುಂಗಾರಿಗೆ ಒಂದು ಕುಂಡವನ್ನು ಅಣಿಮಾಡಿ ನೋಡಿರಿ.