ಮರದ ಸ್ಲೀಪರುಗಳಿಂದ ಉದ್ಯಾನ ನಿರ್ಮಾಣ: ಜೋಡಣೆ ಸಾಮಗ್ರಿಗಳ ಆಯ್ಕೆ

ಮನೆಯಂಗಳದ ಹೂಪಾತಿ, ಮೆಟ್ಟಿಲು ಹಾಗೂ ಮಣ್ಣು ತಡೆಯುವ ಕಟ್ಟೆಗಳಿಗೆ ಮರದ ಸ್ಲೀಪರುಗಳನ್ನು ಬಳಸಲಾಗುತ್ತದೆ. ಮಳೆಗಾಲದಲ್ಲಿ ನೀರು ಹೀರಿದ ಮಣ್ಣಿನ ಒತ್ತಡ ಹೆಚ್ಚುವುದರಿಂದ ದುರ್ಬಲ ಜೋಡಣೆಯ ಕಟ್ಟೆ ಕುಸಿದು ಅಪಾಯ ಸಂಭವಿಸಬಹುದು. ಆದುದರಿಂದ ಸಾರ್ವಜನಿಕರು ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಲೋಹದ ಆಯ್ಕೆ
ತಾಮ್ರಯುಕ್ತ ಸಂರಕ್ಷಕಗಳಿಂದ ಸಂಸ್ಕರಿಸಿದ ಮರವು ಸಾಧಾರಣ ಕಬ್ಬಿಣದ ಮೊಳೆಗಳನ್ನು ಬೇಗನೆ ತುಕ್ಕು ಹಿಡಿಸುತ್ತದೆ. ತೇಗದಂತಹ ಮರಗಳಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಸೇರಿದಲ್ಲಿ ಕಪ್ಪು ಕಲೆ ಉಂಟಾಗುತ್ತದೆ. ಕರಗಿದ ಸತುವಿನಲ್ಲಿ ಅದ್ದಿ ಲೇಪಿಸಿದ ತಿರುಪುಗಳು ಸಾಮಾನ್ಯ ಬಳಕೆಗೆ ಸೂಕ್ತ. ಹೊಳಪಿನ ತೆಳು ಸತು ಲೇಪನ ಹೊರಾಂಗಣದಲ್ಲಿ ಬಾಳಿಕೆ ಬರುವುದಿಲ್ಲ. ಕರಾವಳಿಯ ಉಪ್ಪುಗಾಳಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಉತ್ತಮ. ತಿರುಪು ಮತ್ತು ವಾಷರು ಒಂದೇ ಲೋಹದವಾಗಿರಬೇಕು.

2. ಉದ್ದ ಮತ್ತು ರಂಧ್ರ
ತಿರುಪು ಮೇಲಿನ ಸ್ಲೀಪರನ್ನು ದಾಟಿ ಕೆಳಗಿನದರೊಳಗೆ 60ರಿಂದ 70 ಮಿ.ಮೀ. ಇಳಿಯಬೇಕು. ಉದಾಹರಣೆಗೆ, ಬ್ರಾಡ್‌ಗೇಜ್ ಸ್ಲೀಪರಿನ ದಪ್ಪ ಸುಮಾರು 130 ಮಿ.ಮೀ. ಇರುವುದರಿಂದ, ಅದನ್ನು ಮಟ್ಟಸವಾಗಿ ಇರಿಸಿದಾಗ 200 ಮಿ.ಮೀ. ಉದ್ದದ ತಿರುಪು ಬೇಕಾಗುತ್ತದೆ. ಗಟ್ಟಿ ಮರ ಸೀಳದಂತೆ ಬೈರಿಗೆಯಿಂದ ಮೊದಲೇ ರಂಧ್ರ ಕೊರೆಯತಕ್ಕದ್ದು. 10 ಮಿ.ಮೀ. ಕೋಚ್ ಸ್ಕ್ರೂವಿಗೆ ಮೇಲಿನ ಮರದಲ್ಲಿ 10 ಮಿ.ಮೀ. ಹಾಗೂ ಕೆಳಗಿನದರಲ್ಲಿ ಸುಮಾರು 7 ಮಿ.ಮೀ. ರಂಧ್ರ ಸಾಕು.

3. ಮೂಲೆ ಮತ್ತು ತಳಪಾಯ
ಮರದ ತುದಿಯ ಭಾಗದಲ್ಲಿ ತಿರುಪಿನ ಹಿಡಿತ ಕಡಿಮೆ. ಆದ್ದರಿಂದ ಮೂಲೆಗಳಿಗೆ ಒಳಬದಿಯಲ್ಲಿ ಎಲ್ ಆಕಾರದ ಪಟ್ಟಿಗಳನ್ನು ಅಳವಡಿಸಿ, ಇಟ್ಟಿಗೆ ಕಟ್ಟಡದಂತೆ ಸಾಲಿನಿಂದ ಸಾಲಿಗೆ ಸಂದುಗಳನ್ನು ಬದಲಿಸುವುದು. ತಳದ ಸಾಲನ್ನು 12 ಮಿ.ಮೀ. ಕಬ್ಬಿಣದ ಸಲಾಕೆಗಳಿಂದ ನೆಲಕ್ಕೆ ಬಂಧಿಸಬಹುದು. ಹಿಂಬದಿಯಲ್ಲಿ ಜಲ್ಲಿ ತುಂಬಿ ನೀರು ಹರಿದುಹೋಗಲು ದಾರಿ ಕಲ್ಪಿಸಬೇಕು. ಎರಡು-ಮೂರು ಅಡಿಗಿಂತ ಎತ್ತರದ ಕಟ್ಟೆಗೆ ತಿರುಪುಗಳನ್ನಷ್ಟೇ ನೆಚ್ಚದೆ ಇಂಜಿನಿಯರರ ಸಲಹೆ ಪಡೆಯುವುದು.

4. ಹಳೆಯ ರೈಲ್ವೆ ಸ್ಲೀಪರುಗಳು
ಇವುಗಳಲ್ಲಿ ಕ್ರಿಯೋಸೋಟ್ ಎಂಬ ವಿಷಕಾರಿ ಎಣ್ಣೆ ಇರುವ ಸಂಭವವಿದೆ. ತರಕಾರಿ ಪಾತಿಗಾಗಲಿ, ಮಕ್ಕಳು ಆಡುವ ಅಥವಾ ಕುಳಿತುಕೊಳ್ಳುವ ಸ್ಥಳಕ್ಕಾಗಲಿ ಬಳಸಬಾರದು. ಉಳಿದ ತುಂಡುಗಳನ್ನು ಸುಡಬಾರದು. ಕೊರೆಯುವ ಮೊದಲು ಹಳೆಯ ಮೊಳೆಗಳು ಉಳಿದಿವೆಯೇ ಎಂದು ಪರಿಶೀಲಿಸಿ, ಕೈಗವಸು ಮತ್ತು ಮುಖಗವಸು ಧರಿಸತಕ್ಕದ್ದು.

5. ದಾಖಲೆಗಳು
ಮರದ ಸಾಗಾಣಿಕೆಯು ಕರ್ನಾಟಕ ಅರಣ್ಯ ಅಧಿನಿಯಮ, 1963 ಹಾಗೂ ಕರ್ನಾಟಕ ಅರಣ್ಯ ನಿಯಮಗಳು, 1969ಕ್ಕೆ ಒಳಪಟ್ಟಿದೆ. ಖರೀದಿದಾರರು ಮಾರಾಟಗಾರರಿಂದ ರಸೀದಿ ಪಡೆದು ಇಟ್ಟುಕೊಳ್ಳುವುದಲ್ಲದೆ, ರಹದಾರಿಯ ಅವಶ್ಯಕತೆಯ ಬಗ್ಗೆ ಸಾಗಿಸುವ ಮುನ್ನ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಯವರ ಕಛೇರಿಯಲ್ಲಿ ವಿಚಾರಿಸತಕ್ಕದ್ದು.

ಜೋಡಣೆ ಸಾಮಗ್ರಿಗೆ ತಗಲುವ ವೆಚ್ಚ ಮರದ ಬೆಲೆಗೆ ಹೋಲಿಸಿದಲ್ಲಿ ಅಲ್ಪ. ಇದರಲ್ಲಿ ಮಾಡುವ ಉಳಿತಾಯವು ಮುಂದೆ ಇಡೀ ಕಟ್ಟೆಯನ್ನೇ ಮರುನಿರ್ಮಿಸುವ ವೆಚ್ಚಕ್ಕೆ ಕಾರಣವಾಗಬಹುದು.