ನಿಧಾನಕ್ಕೆ ಒತ್ತಿದರೆ ಒಂದು, ಪಟ್ಟಂತ ಹೊಡೆದರೆ ಇನ್ನೊಂದು

ಬಾವಿಗೆ ಹೊಟ್ಟೆ ಅಡಿಯಾಗಿ ಬಿದ್ದವರಿಗೆ ಗೊತ್ತು, ನೀರೂ ಕಲ್ಲಿನ ಹಾಗೆ ಬಡಿಯುತ್ತೆ! ನೀರೇನೂ ಗಟ್ಟಿಯಾಗಿರೋದಿಲ್ಲ, ಪಕ್ಕಕ್ಕೆ ಸರಿಯೋದಕ್ಕೆ ಅದಕ್ಕೆ ಟೈಮ್ ಸಿಕ್ಕಿರೋದಿಲ್ಲ ಅಷ್ಟೆ.

ಉಕ್ಕು, ಕಾಂಕ್ರೀಟಿಗೂ ಈ ಟೈಮಿನ ಲೆಕ್ಕ ಇದೆ. ಲ್ಯಾಬಿನಲ್ಲಿ ಕಾಂಕ್ರೀಟ್ ಕ್ಯೂಬನ್ನು ಮೆಷೀನಿಗೆ ಕೊಟ್ಟು, ನಿಮಿಷಗಟ್ಟಲೆ ನಿಧಾನವಾಗಿ ಒತ್ತಿ, ಎಷ್ಟು ಭಾರಕ್ಕೆ ಒಡೆಯಿತು ಅಂತ ಬರೆದುಕೊಳ್ಳುತ್ತಾರೆ. ಮನೆ ಕಟ್ಟೋದಕ್ಕೆ ಇದು ಸಾಕು. ಆದರೆ ಕಾರಿನ ಡಿಕ್ಕಿ ಮುಗಿಯೋದು ಸೆಕೆಂಡಿನ ಸುಮಾರು ಹತ್ತನೇ ಒಂದು ಭಾಗದಲ್ಲಿ. ಸ್ಫೋಟವಂತೂ ಇನ್ನೂ ಬೇಗ. ಅಷ್ಟು ಚಿಕ್ಕ ಹೊತ್ತಿನ ಹೊಡೆತವನ್ನು ಅಳೆಯೋದು ಹೇಗೆ?

ದಾರಿ ತೋರಿಸಿದವರು ಕೇಂಬ್ರಿಡ್ಜಿನ ಬರ್ಟ್ರಮ್ ಹಾಪ್ಕಿನ್ಸನ್. 1914ರಲ್ಲಿ ಅವರು ಉದ್ದನೆಯ ಉಕ್ಕಿನ ಸರಳನ್ನು ತೂಗುಹಾಕಿ, ಒಂದು ತುದಿಗೆ ಗುಂಡು ಹೊಡೆದರು, ಸ್ಫೋಟಕ ಸಿಡಿಸಿದರು. ಇನ್ನೊಂದು ತುದಿಗೆ ಅಂಟಿಸಿದ್ದ ಚಿಕ್ಕ ತುಂಡು ಹಾರಿಹೋಗುತ್ತಿತ್ತು. ಕೇರಂನಲ್ಲಿ ಸಾಲಾಗಿ ತಾಗಿಕೊಂಡಿರುವ ಪಾನುಗಳಿಗೆ ಸ್ಟ್ರೈಕರ್ ಹೊಡೆದರೆ ಕೊನೆಯದು ಮಾತ್ರ ಚಿಮ್ಮುತ್ತಲ್ಲ, ಹಾಗೇ. ಹಾರಿದ ತುಂಡಿನಿಂದ ಹೊಡೆತದ ಜೋರು, ಅವಧಿ ಎರಡನ್ನೂ ಅಂದಾಜು ಮಾಡಿದರು.

1949ರಲ್ಲಿ ಹರ್ಬರ್ಟ್ ಕೋಲ್ಸ್ಕಿ ಈ ಸರಳನ್ನು ಎರಡು ಮಾಡಿ, ಮಧ್ಯೆ ಪರೀಕ್ಷೆಯ ವಸ್ತುವಿನ ಬಿಲ್ಲೆ ಇಟ್ಟರು. ಮೊದಲ ಸರಳಿಗೆ ಹೊಡೆದರೆ ಅಲೆಯೊಂದು ಸೆಕೆಂಡಿಗೆ ಸುಮಾರು 5000 ಮೀಟರ್ ವೇಗದಲ್ಲಿ ಬಂದು ಬಿಲ್ಲೆಯನ್ನು ಹಿಸುಕುತ್ತೆ. ಸ್ವಲ್ಪ ಅಲೆ ವಾಪಸ್ ಬರುತ್ತೆ, ಉಳಿದದ್ದು ಎರಡನೇ ಸರಳಿಗೆ ದಾಟುತ್ತೆ. ವಾಪಸ್ ಬಂದದ್ದು ಬಿಲ್ಲೆ ಎಷ್ಟು ಬೇಗ ಕುಗ್ಗಿತು ಅಂತ ಹೇಳಿದರೆ, ದಾಟಿದ್ದು ಎಷ್ಟು ಬಲ ತಡೆಯಿತು ಅಂತ ಹೇಳುತ್ತೆ. 10 ಮಿಲಿಮೀಟರ್ ದಪ್ಪದ ಬಿಲ್ಲೆ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಲ್ಲಿ 1 ಮಿಲಿಮೀಟರ್ ಕುಗ್ಗುವಂಥ ವೇಗ ಇಲ್ಲಿ ಮಾಮೂಲು!

ಇದರಿಂದ ಏನು ಉಪಯೋಗ ಅಂತೀರಾ? ಸಾಧಾರಣ ಉಕ್ಕು ಬೇಗ ಹೊಡೆದಷ್ಟೂ ಹೆಚ್ಚು ತಡೆಯುತ್ತೆ. ಇದನ್ನು ಬಿಟ್ಟು ಲೆಕ್ಕ ಹಾಕಿದರೆ, ಡಿಕ್ಕಿಯಲ್ಲಿ ಮಡಚಿಕೊಳ್ಳಬೇಕಾದ ಕಾರಿನ ಮುಂಭಾಗ ಅಂದುಕೊಂಡದ್ದಕ್ಕಿಂತ ಬಿಗಿಯಾಗಿ, ಹೊಡೆತ ಒಳಗಿರೋರಿಗೇ ಬೀಳುತ್ತೆ.

ಕಾಂಕ್ರೀಟಿನದು ಇನ್ನೊಂದು ಥರ. ಜೋರಾಗಿ ಒತ್ತಿದಾಗ ಅದೂ ಹೆಚ್ಚು ಗಟ್ಟಿ ಅಂತ ಕಾಣುತ್ತೆ. ಆದರೆ ಅದರಲ್ಲಿ ಒಂದು ಪಾಲು ಬಾವಿ ನೀರಿನ ಕಥೆಯೇ: ಪಕ್ಕಕ್ಕೆ ಉಬ್ಬೋದಕ್ಕೆ ಟೈಮ್ ಸಿಗದೆ ಬಂದ ತಡೆ, ನಿಜವಾದ ಶಕ್ತಿಯಲ್ಲ. ಕಂಪ್ಯೂಟರ್ ಮಾಡೆಲ್ ಆ ತಡೆಯನ್ನು ತಾನೇ ಲೆಕ್ಕ ಹಾಕಿರುವಾಗ, ಪರೀಕ್ಷೆಯ ನಂಬರನ್ನೂ ಹಾಗೇ ತುಂಬಿದರೆ ಒಂದನ್ನೇ ಎರಡು ಸಲ ಎಣಿಸಿದ ಹಾಗೆ. ಸ್ಫೋಟ ತಡೆಯಬೇಕಾದ ಗೋಡೆ ಕಾಗದದ ಮೇಲೆ ಮಾತ್ರ ಗಟ್ಟಿಯಾಗಿರುತ್ತೆ.