ಅರವತ್ತಾದರೆ ಅರಳುಮರಳು ಸಹಜವೇ?

ಮನೆಯ ಹಿರಿಯರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳತೊಡಗಿದರೆ ‘ಅರವತ್ತಕ್ಕೆ ಅರಳುಮರಳು’ ಎಂದು ಸುಮ್ಮನಾಗುತ್ತೇವೆ. ವೈದ್ಯರನ್ನು ಕಾಣಬೇಕಾದ ಎಷ್ಟೋ ಜನರನ್ನು ಮನೆಯಲ್ಲೇ ಉಳಿಸುವ ಮಾತಿದು. ವಯಸ್ಸಾದಂತೆ ಪರಿಚಿತರ ಹೆಸರು ತಟ್ಟನೆ ನೆನಪಾಗದಿರುವುದು, ಹೊಸದನ್ನು ಕಲಿಯಲು ಹೆಚ್ಚು ಹೊತ್ತು ಹಿಡಿಯುವುದು ಸಹಜ. ನಿತ್ಯ ಓಡಾಡುವ ಬೀದಿಯಲ್ಲೇ ದಾರಿ ತಪ್ಪುವುದು, ಉಂಡದ್ದನ್ನು ಮರೆತು ಮತ್ತೆ ತಟ್ಟೆ ಕೇಳುವುದು ಕಾಯಿಲೆಯ ಸೂಚನೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನಂತೆ, ಅರವತ್ತು ದಾಟಿದ ಭಾರತೀಯರಲ್ಲಿ ಡಿಮೆನ್ಷಿಯಾ, ಅಂದರೆ ಮರೆಗುಳಿ ಕಾಯಿಲೆ, ಇರುವವರು ಶೇ 7.4ರಷ್ಟು. ನೂರರಲ್ಲಿ ಉಳಿದ ತೊಂಬತ್ತೆರಡಕ್ಕೂ ಹೆಚ್ಚು ಮಂದಿಗೆ ಅದಿಲ್ಲ. ಕೆಲವರ ಮರೆವಿಗೆ ಥೈರಾಯ್ಡ್ ತೊಂದರೆಯೋ ಬಿ12 ಕೊರತೆಯೋ ಖಿನ್ನತೆಯೋ ಕಾರಣವಾಗಿರುತ್ತದೆ. ಅವಕ್ಕೆ ಚಿಕಿತ್ಸೆಯೂ ಇದೆ.

ಬೆಂಗಳೂರಿನಲ್ಲೇ ಈ ವಿಷಯಕ್ಕೆ ದಶಕಗಳನ್ನು ಕೊಟ್ಟ ನರವಿಜ್ಞಾನಿಯೊಬ್ಬರಿದ್ದಾರೆ: ವಿಜಯಲಕ್ಷ್ಮಿ ರವೀಂದ್ರನಾಥ್. ನಿಮ್ಹಾನ್ಸ್‌ನಲ್ಲಿದ್ದಾಗ, ನಾವು ನುಂಗುವ ಔಷಧಿಗಳು ಮಿದುಳಿನೊಳಗೇ ಹೇಗೆ ರೂಪಾಂತರಗೊಳ್ಳುತ್ತವೆ ಎಂಬುದನ್ನು ಅಧ್ಯಯನ ಮಾಡಿದರು. 1996ರಲ್ಲಿ ಭಟ್ನಾಗರ್ ಪ್ರಶಸ್ತಿ, 2010ರಲ್ಲಿ ಪದ್ಮಶ್ರೀ ಬಂದವು. ಹರಿಯಾಣದ ಮಾನೇಸರ್‌ನ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನು ಕಟ್ಟಿ, ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರಕ್ಕೂ ಸ್ಥಾಪಕ ನಿರ್ದೇಶಕಿಯಾದರು.

ಅಶ್ವಗಂಧ ತಿಂದರೆ ಮರೆವು ವಾಸಿಯಾಗುತ್ತದೆ ಎಂಬ ನಂಬಿಕೆಗೆ ಅವರ ಸಂಶೋಧನೆಯನ್ನೇ ಆಧಾರವಾಗಿ ತೋರಿಸುವವರುಂಟು. 2012ರಲ್ಲಿ ಅವರ ತಂಡ ಪ್ರಕಟಿಸಿದ್ದು ನಿಜಕ್ಕೂ ಬೆರಗಿನ ಫಲಿತಾಂಶ. ಡಿಮೆನ್ಷಿಯಾದ ಒಂದು ಬಗೆಯಾದ ಅಲ್ಜೈಮರ್‌ನ ಲಕ್ಷಣ ಬರುವಂತೆ ಜೀನ್ ಬದಲಿಸಿದ ಇಲಿಗಳಿಗೆ ಅಶ್ವಗಂಧದ ಬೇರಿನಿಂದ ತೆಗೆದ ಸಾರವನ್ನು ಮೂವತ್ತು ದಿನ ಕೊಟ್ಟಾಗ ಅವುಗಳ ನೆನಪು ಸುಧಾರಿಸಿತು, ಮಿದುಳಿನಲ್ಲಿ ಜಮೆಯಾಗಿದ್ದ ಅಮಿಲಾಯ್ಡ್ ಎಂಬ ಪ್ರೋಟೀನು ತಗ್ಗಿತು. ಕೆಲಸ ನಡೆದದ್ದು ಯಕೃತ್ತಿನಲ್ಲಿ ಎಂಬುದು ನನಗೆ ಇನ್ನೂ ದೊಡ್ಡ ಸೋಜಿಗ. ಅಲ್ಲಿ ಎಲ್‌ಆರ್‌ಪಿ ಎಂಬ ಪ್ರೋಟೀನು ಹೆಚ್ಚಿ, ಅಮಿಲಾಯ್ಡನ್ನು ಮಿದುಳಿನಿಂದ ರಕ್ತಕ್ಕೆ ಸೆಳೆದುಕೊಂಡಿತ್ತು. ಆದರೆ ಅದು ಇಲಿ. ಕೊಟ್ಟದ್ದೂ ಪ್ರಯೋಗಾಲಯದಲ್ಲಿ ಭಾಗಶಃ ಶುದ್ಧೀಕರಿಸಿದ ಸಾರ. ಇಲಿಯಲ್ಲಿ ಗೆದ್ದ ಎಷ್ಟೋ ಅಲ್ಜೈಮರ್ ಔಷಧಿಗಳು ಮನುಷ್ಯರಲ್ಲಿ ಸೋತಿವೆ. ಆ ಪ್ರಯೋಗವನ್ನು ನಂಬಿ ಅಂಗಡಿಯ ಚೂರ್ಣ ತಂದು, ವೈದ್ಯರು ಬರೆದ ಮಾತ್ರೆ ನಿಲ್ಲಿಸುವುದು ಅಪಾಯ.

ಇನ್ನೊಂದು ತಪ್ಪು ತಿಳಿವಳಿಕೆ: ಡಿಮೆನ್ಷಿಯಾ ಪೇಟೆಯ ಓದಿದವರ ರೋಗ, ಹೊಲದಲ್ಲಿ ದುಡಿಯುವವರಿಗೆ ಬಾರದು. ಬಾಲ್ಯದಲ್ಲಿ ಶಾಲೆ ಕಾಣದಿರುವುದೇ ಅಪಾಯದ ಅಂಶಗಳಲ್ಲೊಂದು ಎನ್ನುತ್ತದೆ ಈಗಿನ ಅರಿವು. ಹಳ್ಳಿಯ ಮುಪ್ಪು ಅರ್ಥವಾಗಬೇಕಾದರೆ ಹಳ್ಳಿಗೇ ಹೋಗಬೇಕು. ಅದಕ್ಕಾಗಿಯೇ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಲವತ್ತೈದು ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಹಮ್ಮಿಕೊಂಡಿತು.

ನಲವತ್ತೈದಕ್ಕೇ ಏಕೆ? ಅಲ್ಜೈಮರ್ ಬದಲಾವಣೆಗಳು ಮರೆವು ಕಾಣುವ ಹತ್ತಿಪ್ಪತ್ತು ವರ್ಷ ಮೊದಲೇ ಶುರುವಾಗಿರುತ್ತವೆ. ಹಾಗಾಗಿ ತಡೆಯುವ ಕಾಲವೂ ನಡುವಯಸ್ಸೇ. ರಕ್ತದೊತ್ತಡ, ಸಕ್ಕರೆ, ಕೆಟ್ಟ ಕೊಲೆಸ್ಟರಾಲ್, ಬೀಡಿ-ಸಿಗರೇಟು, ಒಂಟಿತನ ಸೇರಿ ಹದಿನಾಲ್ಕು ಅಂಶಗಳನ್ನು ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾ ಪ್ರಕರಣಗಳಲ್ಲಿ ಶೇ 45ರಷ್ಟನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2024ರಲ್ಲಿ ಲೆಕ್ಕ ಹಾಕಿತು. ಆ ಪಟ್ಟಿಯಲ್ಲಿ ಕಿವುಡೂ ಇದೆ. ಅಜ್ಜನಿಗೆ ಮಾತು ಸರಿಯಾಗಿ ಕೇಳಿಸುತ್ತಿಲ್ಲವೆಂದರೆ ಶ್ರವಣ ಸಾಧನ ಕೊಡಿಸಲು ತಡಮಾಡಬೇಡಿ.